ಪರರ ದೇವರ ಮುಂದೆ ನಗಬಹುದೆ?

ಗಲಿಲಿ ಸರೋವರದ ದಡ, 1867ರ ಸೆಪ್ಟೆಂಬರ್ ತಿಂಗಳು. ಅಮೆರಿಕದಿಂದ ಹಡಗಿನಲ್ಲಿ ಬಂದು, ಬೇರೂತಿನಲ್ಲಿ ಇಳಿದು, ಅಲ್ಲಿಂದ ಕುದುರೆಯೇರಿ ಸಿರಿಯಾದ ಬಿಸಿಲಲ್ಲಿ ಬೆಂದು ಬಂದ ಯಾತ್ರಿಕರ ಗುಂಪೊಂದು ನೀರು ಕಂಡದ್ದೇ ಮೈಮರೆಯಿತು. ಯೇಸು ಕಾಲಿಟ್ಟು ನಡೆದ ನೀರು! ಅವನ ಶಿಷ್ಯರು ಬಲೆ ಬೀಸಿದ ನೀರು! ಒಮ್ಮೆ ಇದರ ಮೇಲೆ ದೋಣಿಯಲ್ಲಿ ಹೋಗಿಬಂದರೆ ಜನ್ಮ ಸಾರ್ಥಕ, ಖರ್ಚಿನ ಚಿಂತೆ ಬೇಡ ಎಂದು ಎಲ್ಲರದೂ ಒಂದೇ ಮಾತು. ಅಷ್ಟರಲ್ಲಿ ದೂರದಲ್ಲೊಂದು ದೋಣಿ ಕಂಡಿತು. ಕೂಗಿ ಕರೆದರು, ಬಂತು. ದುಭಾಷಿ ಬಾಡಿಗೆ ವಿಚಾರಿಸಿದ. ಎರಡು ನೆಪೋಲಿಯನ್ ನಾಣ್ಯ, ಅಂದರೆ ಎಂಟು ಡಾಲರ್. ಭಕ್ತರ ಮುಖ ಸಣ್ಣದಾಯಿತು. ಒಂದು ಕೊಡುತ್ತೇವೆ ಎಂದು ಚೌಕಾಶಿಗೆ ಇಳಿದರು. ಮಾತು ಮುಗಿಯುವುದರೊಳಗೆ ದೋಣಿ ದಡ ಬಿಟ್ಟಾಗಿತ್ತು. ಕೇಳಿದಷ್ಟು ಕೊಡುತ್ತೇವೆ ಬನ್ನಿರೋ ಎಂದು ಗಂಟಲು ಹರಿದುಕೊಂಡರೂ ಅಂಬಿಗರು ತಿರುಗಿ ನೋಡಲಿಲ್ಲ. ಆಮೇಲೆ ದಡದಲ್ಲಿ ನಡೆದದ್ದು, ತಪ್ಪು ಯಾರದು ಎಂಬ ಜಗಳ.

ಇದನ್ನೆಲ್ಲ ಪಕ್ಕದಲ್ಲೇ ನಿಂತು ನೋಡುತ್ತಿದ್ದವನು 31 ವರ್ಷದ ಪತ್ರಕರ್ತ ಮಾರ್ಕ್ ಟ್ವೇನ್. ನೋಡಿದ, ನಕ್ಕ, ಬರೆದ. ಆ ಬರಹ ಓದಿ ಅಮೆರಿಕ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಕೆಲವರು ಮಾತ್ರ ಹುಬ್ಬು ಗಂಟಿಕ್ಕಿದರು. ಪುಣ್ಯಕ್ಷೇತ್ರದಲ್ಲಿ ನಿಂತು ಹಲ್ಲು ಕಿರಿಯುವವನಿಗೆ ದೇವರ ಭಯ ಬೇಡವೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಭಕ್ತಿಯ ಎದುರು ನಗುವುದು ಅಪಚಾರವೇ? ಸ್ವಂತ ದೇವರ ಮುಂದೆ ನಗುವುದಕ್ಕೂ ಪರರ ದೇವರ ಮುಂದೆ ನಗುವುದಕ್ಕೂ ಒಂದೇ ಲೆಕ್ಕವೇ? ಇದಕ್ಕೆ ಉತ್ತರ ಹುಡುಕಲು ಟ್ವೇನ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಒಂದು ಸಲ ತನ್ನ ಮತದವರ ಪುಣ್ಯಭೂಮಿಗೂ ಇನ್ನೊಂದು ಸಲ ಕಾಶಿಗೂ ಹೋಗಿ, ಎರಡೂ ಕಡೆ ಕಂಡ ದಿನನಿತ್ಯದ ಬದುಕನ್ನು ನಗುನಗುತ್ತಲೇ ಬರೆದಿಟ್ಟವನು ಆತ. ನಡುವೆ ಕಳೆದದ್ದು 28 ವರ್ಷ.

ಮೊದಲ ಯಾತ್ರೆಯ ಏರ್ಪಾಡೇ ಒಂದು ತಮಾಷೆ. ಬ್ರೂಕ್ಲಿನ್‌ನ ಪ್ಲಿಮತ್ ಚರ್ಚಿನ ಪ್ರಸಿದ್ಧ ಬೋಧಕ ಹೆನ್ರಿ ವಾರ್ಡ್ ಬೀಚರ್ ಬರುತ್ತಾರೆ, ಅಂತರ್ಯುದ್ಧದ ವೀರ ಜನರಲ್ ಶೆರ್ಮನ್ ಬರುತ್ತಾರೆ ಎಂದು ಪ್ರಚಾರವಾಗಿತ್ತು. ಇಬ್ಬರೂ ಬರಲಿಲ್ಲ. 1867ರ ಜೂನ್ 8ರಂದು 'ಕ್ವೇಕರ್ ಸಿಟಿ' ಹಡಗು ನ್ಯೂಯಾರ್ಕ್ ಬಿಟ್ಟಾಗ ಅದರಲ್ಲಿದ್ದವರು ಬಹುಪಾಲು ವಯಸ್ಸಾದ, ಅನುಕೂಲಸ್ಥ, ದೈವಭೀರು ಗೃಹಸ್ಥರು. ತಲೆಗೆ 1,250 ಡಾಲರ್ ಶುಲ್ಕ. ಟ್ವೇನ್ ಪಾಲಿನದನ್ನು ಕಟ್ಟಿದ್ದು ಸ್ಯಾನ್‌ಫ್ರಾನ್ಸಿಸ್ಕೋದ 'ಆಲ್ಟಾ ಕ್ಯಾಲಿಫೋರ್ನಿಯಾ' ಪತ್ರಿಕೆ. ಬದಲಿಗೆ ಆತ ಪ್ರಯಾಣದುದ್ದಕ್ಕೂ ಪತ್ರ ಬರೆದು ಕಳಿಸಬೇಕು. ಆ ಪತ್ರಗಳೇ ಬೆಳೆದು 1869ರಲ್ಲಿ 'ದಿ ಇನ್ನೊಸೆಂಟ್ಸ್ ಅಬ್ರಾಡ್' ಎಂಬ ದಪ್ಪ ಪುಸ್ತಕವಾಯಿತು. ಧರ್ಮನಿಂದೆಯ ಮಾತು ಬಂದೀತೆಂದು ಹಾರ್ಟ್‌ಫರ್ಡ್‌ನ ಪ್ರಕಾಶನ ಸಂಸ್ಥೆಯ ನಿರ್ದೇಶಕರೇ ಹಿಂದೆಮುಂದೆ ನೋಡಿದ್ದರು. ಕಡೆಗೆ ಅದೇ ಪುಸ್ತಕವನ್ನು ಏಜೆಂಟರು ಮನೆಮನೆಗೆ ಹೊತ್ತು ಮೊದಲ ವರ್ಷದಲ್ಲೇ ಸುಮಾರು 70,000 ಪ್ರತಿ ಮಾರಿದರು.

ಟ್ವೇನ್ ನಗುವಿಗೆ ಮೊದಲು ಸಿಕ್ಕಿಬಿದ್ದದ್ದು ಯುರೋಪಿನ ಚರ್ಚುಗಳ ಪವಿತ್ರ ಅವಶೇಷಗಳು. ಯಾವ ಹಳೆಯ ಚರ್ಚಿಗೆ ಕಾಲಿಟ್ಟರೂ ಯೇಸುವಿನ ಶಿಲುಬೆಯ ಒಂದು ತುಣುಕು ಇರಲೇಬೇಕು. ಆ ಶಿಲುಬೆಗೆ ಹೊಡೆದ ಮೊಳೆಗಳನ್ನಂತೂ ಪೀಪಾಯಿಗಟ್ಟಲೆ ನೋಡಿದ್ದಾಯಿತು ಎಂದು ಆತನ ಲೆಕ್ಕ. ಜಿನೋವಾದಲ್ಲಿ ಸಂತ ಯೋಹಾನನ ಚಿತಾಭಸ್ಮ ತೋರಿಸಿದರು. ಅದೇ ಸಂತನ ಭಸ್ಮವನ್ನು ಇನ್ನೊಂದು ಚರ್ಚಿನಲ್ಲಿ ಆಗಲೇ ನೋಡಿಯಾಗಿತ್ತು. ಸಂತ ಡೆನಿಸ್‌ನ ಮೂಳೆಗಳು ಎಷ್ಟು ಕಡೆ ಇದ್ದವೆಂದರೆ, ಬೇಕಾದರೆ ಎರಡನೆಯ ಡೆನಿಸ್‌ನನ್ನೇ ಜೋಡಿಸಿ ನಿಲ್ಲಿಸಬಹುದಿತ್ತು.

ಇದು ಟ್ವೇನ್ ಹುಟ್ಟಿಸಿದ ಹಾಸ್ಯವಲ್ಲ. ಶಿಲುಬೆಯ ತುಣುಕುಗಳನ್ನೆಲ್ಲ ಒಟ್ಟುಮಾಡಿದರೆ ಒಂದು ಹಡಗಿನ ತುಂಬ ಆದೀತೆಂದು ಸುಧಾರಕ ಜಾನ್ ಕ್ಯಾಲ್ವಿನ್ 1543ರಲ್ಲೇ ಅಣಕಿಸಿದ್ದ. ಪ್ರಾಟೆಸ್ಟೆಂಟ್ ಮನೆಗಳಲ್ಲಿ ಆ ಜೋಕು ಮೂರು ಶತಮಾನ ಓಡಾಡಿತು. ಯಾರೂ ಅಳೆದು ನೋಡಿರಲಿಲ್ಲ ಅಷ್ಟೇ. ಟ್ವೇನ್ ಪುಸ್ತಕ ಬಂದ ಮರುವರ್ಷ, 1870ರಲ್ಲಿ, ಫ್ರಾನ್ಸಿನ ರೊಹೊ ದ ಫ್ಲೂರಿ ಎಂಬ ವಿದ್ವಾಂಸ ಆ ಕೆಲಸಕ್ಕೆ ಕೈಹಾಕಿದ. ತಿಳಿದಿರುವ ತುಣುಕುಗಳ ಅಳತೆಯನ್ನೆಲ್ಲ ಪಟ್ಟಿಮಾಡಿ ಕೂಡಿಸಿದಾಗ ಬಂದದ್ದು ಸುಮಾರು 40 ಲಕ್ಷ ಘನ ಮಿಲಿಮೀಟರ್. ಒಂದು ಶಿಲುಬೆಗೆ ಆತ ಅಂದಾಜಿಸಿದ್ದು 17 ಕೋಟಿ 80 ಲಕ್ಷ. ಹಡಗಿನ ಮಾತಿರಲಿ, ಒಂದು ಶಿಲುಬೆಯ ನಲವತ್ತನೆಯ ಒಂದು ಭಾಗವೂ ಆಗಲಿಲ್ಲ. ಇದರಿಂದ ಆ ತುಣುಕುಗಳು ನಿಜವೆಂದು ಸಾಬೀತಾಗುವುದಿಲ್ಲ, ನಿಜ. ಆದರೆ ಭಕ್ತರು ಪರೀಕ್ಷೆ ಮಾಡದೆ ನಂಬುತ್ತಾರೆಂದು ನಗುವವರೂ ಪರೀಕ್ಷೆ ಮಾಡದೆಯೇ ನಗುತ್ತಿದ್ದರೆಂಬುದು ಬಯಲಾಯಿತು.

ಗೈಡುಗಳ ವಿಷಯದಲ್ಲಿ ಟ್ವೇನ್ ನಗು ಇನ್ನಷ್ಟು ಹರಿತ, ಇನ್ನಷ್ಟು ನ್ಯಾಯ. ಜಿನೋವಾದ ಗೈಡು ಕೊಲಂಬಸ್ಸನ ಸ್ವಹಸ್ತದ ಪತ್ರವೊಂದನ್ನು ತೋರಿಸಿ, ಅಮೆರಿಕದವರು ಈಗ ಭಾವಾವೇಶದಿಂದ ಕುಣಿಯುತ್ತಾರೆಂದು ಕಾದು ನಿಲ್ಲುತ್ತಾನೆ. ತಂಡದ ಡಾಕ್ಟರು ಕಾಗದವನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಅಕ್ಷರ ಬಹಳ ಕೆಟ್ಟದಾಗಿದೆ, ನಮ್ಮೂರಲ್ಲಿ ಶಾಲೆಯ ಮಕ್ಕಳೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಾರೆ ಎನ್ನುತ್ತಾನೆ. ಕೊಲಂಬಸ್ಸನ ಪ್ರತಿಮೆ ತೋರಿಸಿದರೆ, ಮುಖದಲ್ಲಿ ಒಂದು ಗೆರೆಯೂ ಅಲುಗದೆ, ಈತ ತೀರಿಕೊಂಡಿದ್ದಾನೆಯೇ ಎಂದು ವಿಚಾರಿಸುತ್ತಾನೆ. ಗೈಡು ಕಕ್ಕಾಬಿಕ್ಕಿ. ಅವನ ಹೊಟ್ಟೆಪಾಡೇ ಬಂದವರ ಬೆರಗಿನ ಮೇಲೆ ನಿಂತಿದೆ. ಬೆರಗಾಗುವುದಿಲ್ಲ ಎಂದು ಹಟ ಹಿಡಿದವರ ಮುಂದೆ ಅವನು ಏನು ತಾನೇ ಮಾಡಿಯಾನು?

ಈ ತುಂಟಾಟದ ಒಳಗೆ ಒಂದು ಗಟ್ಟಿ ಪ್ರಶ್ನೆ ಇದೆ. ಪುಣ್ಯಸ್ಥಳದಲ್ಲಿ ಉಕ್ಕಿಬರುವ ಭಾವ ಎಷ್ಟರಮಟ್ಟಿಗೆ ನಮ್ಮದು? ಆ ಕಾಲದ ಅಮೆರಿಕನ್ ಯಾತ್ರಿಕರು ಪ್ಯಾಲೆಸ್ಟೈನಿಗೆ ಹೋಗುವಾಗ ವಿಲಿಯಂ ಪ್ರೈಮ್ ಎಂಬವನ ಪ್ರವಾಸಕಥನವನ್ನು ಜೊತೆಗೆ ಒಯ್ಯುತ್ತಿದ್ದರು. ಪ್ರೈಮ್ ಯಾವ ಬೆಟ್ಟ ಕಂಡು ಕಣ್ಣೀರು ಸುರಿಸಿದ್ದನೋ ಅದೇ ಬೆಟ್ಟದ ಬುಡದಲ್ಲಿ ಇವರಿಗೂ ಕಣ್ಣು ಒದ್ದೆ. ತಾಬೋರ್ ಬೆಟ್ಟದಲ್ಲಿ, ನಜರೇತಿನಲ್ಲಿ, ಜೆರಿಕೋದಲ್ಲಿ ತನ್ನ ಸಂಗಡಿಗರು ಏನು ಉದ್ಗರಿಸುತ್ತಾರೆಂದು ಮುಂಚೆಯೇ ಹೇಳಬಲ್ಲೆ, ಅವರು ಮಾತು ಎತ್ತಿಕೊಂಡ ಪುಸ್ತಕಗಳನ್ನು ತಾನೂ ಓದಿದ್ದೇನೆ ಎಂದು ಟ್ವೇನ್ ಕುಟುಕಿದ. ಮದುವೆಮನೆಗೆ ಎರವಲು ಒಡವೆ ಹಾಕಿಕೊಂಡು ಬಂದಂತಹ ಭಕ್ತಿ ಅದು. ತನಗೆ ಪ್ರೈಮ್ ಕಂಡ ಸೊಬಗು ಕಾಣಿಸಲಿಲ್ಲ, ಕಂಡದ್ದು ಕಲ್ಲು, ಧೂಳು, ಬೋಳು ಗುಡ್ಡ ಎಂದು ಟ್ವೇನ್ ಬರೆದಾಗ ಅನೇಕರಿಗೆ ಅದು ಧರ್ಮದ್ರೋಹದಂತೆ ಕೇಳಿಸಿತು. ಗಮನವಿಟ್ಟು ಓದಿದರೆ, ಸುಳ್ಳು ಹೇಳಿ ಭಕ್ತನೆನಿಸಿಕೊಳ್ಳಲು ಒಪ್ಪದವನ ಮಾತದು.

ಇಡೀ ಪುಸ್ತಕದಲ್ಲಿ ಆತ ನಿಜವಾಗಿ ಸಿಟ್ಟಾಗುವ ಪ್ರಸಂಗ ಬಾಲ್ಬೆಕ್‌ನಿಂದ ದಮಾಸ್ಕಸ್ಸಿಗೆ ಹೋಗುವ ದಾರಿಯದು. ಮೂರು ದಿನದ ಹಾದಿ. ನಡುವೆ ಭಾನುವಾರ ಬೀಳುತ್ತದೆ, ಸಬ್ಬತ್ ದಿನ ಪ್ರಯಾಣ ಮಾಡಿದರೆ ಪಾಪ. ಹಾಗಾಗಿ ತಂಡದ ಮೂವರು ಕಟ್ಟಾ ಧಾರ್ಮಿಕರು ಮೂರು ದಿನದ ದಾರಿಯನ್ನು ಎರಡು ದಿನದೊಳಗೆ ಮುಗಿಸಲೇಬೇಕೆಂದು ಪಟ್ಟುಹಿಡಿದರು. ಬೇಡಪ್ಪಾ, ಕುದುರೆಗಳು ದಣಿದಿವೆ, ಕುಂಟುತ್ತಿವೆ, ಕನಿಕರ ತೋರಿಸಿ ಎಂದು ಉಳಿದವರು ಬೇಡಿಕೊಂಡರೂ ಕೇಳಲಿಲ್ಲ. ಸುಡುವ ಬಿಸಿಲಲ್ಲಿ ಮೂಕಪ್ರಾಣಿಗಳನ್ನು ಓಡಿಸಿ, ಸಬ್ಬತ್ತಿನ ನಿಯಮ ಉಳಿಸಿಕೊಂಡರು. ಧರ್ಮದ ಅಕ್ಷರ ಕಾಪಾಡಿ ಅದರ ಜೀವ ತೆಗೆದರು ಎಂಬ ಅರ್ಥದಲ್ಲಿ ಟ್ವೇನ್ ಬರೆದದ್ದು ಇಲ್ಲೇ. ಕನ್ನಡ ಓದುಗರಿಗೆ ಇದು ಹೊಸ ತರ್ಕವಲ್ಲ. ಕಲ್ಲಿನ ಹಾವಿಗೆ ನೈವೇದ್ಯ ಇಟ್ಟು ಜೀವಂತ ಹಾವಿಗೆ ದೊಣ್ಣೆ ಎತ್ತುವವರನ್ನು ಬಸವಣ್ಣ ಹನ್ನೆರಡನೆಯ ಶತಮಾನದಲ್ಲೇ ತರಾಟೆಗೆ ತೆಗೆದುಕೊಂಡಿದ್ದ. ಹೊಟ್ಟೆಪಾಡಿನ ವೈರಾಗ್ಯವನ್ನು ಪುರಂದರದಾಸರು ಹಾಡಿ ನಗೆಪಾಟಲು ಮಾಡಿದ್ದರು. ಇವರನ್ನು ಯಾರೂ ದೇವರ ವೈರಿಗಳೆಂದು ಕರೆಯುವುದಿಲ್ಲ.

ಅದೇ ಪ್ರಯಾಣದಲ್ಲಿ ಇನ್ನೊಂದು ದೃಶ್ಯ. ಸಿರಿಯಾದ ಒಂದು ಹಳ್ಳಿ. ತಾಯಿಯ ಕಂಕುಳಲ್ಲಿ ಮಗು. ರೋಗ ಹಿಡಿದ ಅದರ ಕಣ್ಣುಗಳ ಸುತ್ತ ಕನ್ನಡಕ ತೊಡಿಸಿದ ಹಾಗೆ ನೊಣಗಳು ಮುತ್ತಿವೆ. ತಾಯಿಯಾಗಲಿ ಮಗುವಾಗಲಿ ಅವನ್ನು ಓಡಿಸುವ ಗೋಜಿಗೇ ಹೋಗುವುದಿಲ್ಲ. ತಂಡದ ಡಾಕ್ಟರೊಬ್ಬ ಆ ಕಣ್ಣು ತೊಳೆದು ಔಷಧಿ ಹಾಕಿದ್ದೇ ತಡ, ಕುಂಟರು, ಕುರುಡರು, ಕುಷ್ಠ ಹತ್ತಿದವರು ಎಲ್ಲಿದ್ದರೋ ಹೊರಟು ಬಂದರು. ಹೆತ್ತವರೆಲ್ಲ ಮಕ್ಕಳನ್ನು ಎತ್ತಿಕೊಂಡು ಓಡಿಬಂದರು. ಡಾಕ್ಟರ ಒಂದೊಂದು ಚಲನೆಯನ್ನೂ ದೇವರನ್ನು ನೋಡುವಂತೆ ನೋಡುತ್ತ ನಿಂತರು. ಯೇಸುವಿನ ಹಿಂದೆ ಜನಜಂಗುಳಿ ಏಕೆ ನೆರೆಯುತ್ತಿತ್ತು ಎಂಬುದು ಟ್ವೇನ್‌ಗೆ ಹೊಳೆದದ್ದು ಅಲ್ಲಿ. ಯಾವ ಚರ್ಚಿನ ಚಿನ್ನದ ಪೆಟ್ಟಿಗೆಯೂ ಮಾಡಲಾಗದ ಕೆಲಸವನ್ನು ಒಂದು ಮಗುವಿನ ಕಣ್ಣು ಮಾಡಿತು.

ಜೆರೂಸಲೇಮಿನಲ್ಲೂ ಹೀಗೆಯೇ, ನಗು ಒಂದು ಹೆಜ್ಜೆ, ಮೌನ ಇನ್ನೊಂದು ಹೆಜ್ಜೆ. ಯೇಸುವಿನ ಸಮಾಧಿಯ ಚರ್ಚಿನೊಳಗೇ ಆದಿಪುರುಷ ಆದಾಮನ ಗೋರಿಯನ್ನೂ ತೋರಿಸುತ್ತಾರೆ. ದೂರದ ಪರದೇಶದಲ್ಲಿ ಹೀಗೆ ನೆಂಟನೊಬ್ಬನ ಗೋರಿ ಸಿಕ್ಕಿಬಿಟ್ಟಿತಲ್ಲ, ದೂರದ ನೆಂಟನೇ ಇರಬಹುದು, ಆದರೂ ರಕ್ತಸಂಬಂಧ ಎಂದು ಟ್ವೇನ್ ಕಂಬಕ್ಕೊರಗಿ ಗಳಗಳ ಅಳುತ್ತಾನೆ. ಬೇರೆ ಬೇರೆ ಪಂಥದ ಕ್ರೈಸ್ತರು ಆ ಪವಿತ್ರ ನೆಲದಲ್ಲಿ ಪರಸ್ಪರ ಹೊಡೆದಾಡದಂತೆ ಕಾಯುವುದಕ್ಕೆ ತುರ್ಕಿಯ ಮುಸ್ಲಿಂ ಕಾವಲುಗಾರರು ಬೇಕಾಗಿದ್ದಾರೆ ಎಂಬುದನ್ನೂ ಬರೆಯಲು ಮರೆಯುವುದಿಲ್ಲ. ಆ ಚರ್ಚಿನ ಬೀಗದ ಕೈ ಇಂದಿಗೂ ಮುಸ್ಲಿಂ ಮನೆತನದವರ ಸುಪರ್ದಿಯಲ್ಲಿದೆ. ಇಷ್ಟೆಲ್ಲ ನಗಿಸಿದವನು ಶಿಲುಬೆ ನೆಟ್ಟ ಜಾಗಕ್ಕೆ ಬಂದಾಗ ಗಂಭೀರನಾಗುತ್ತಾನೆ. ಊರಿಗೆ ಊರೇ ನೋಡಿದ ಘಟನೆ, ಆ ಸ್ಥಳವನ್ನು ಜನ ಮರೆತಿರಲಿಕ್ಕಿಲ್ಲ, ಆದ್ದರಿಂದ ಇದು ನಿಜವಿದ್ದೀತು ಎಂದು ತನಗೆ ತಾನೇ ವಾದ ಹೂಡಿಕೊಳ್ಳುತ್ತಾನೆ. ಉಳಿದ ಗೋರಿಗಳನ್ನು ಗೇಲಿ ಮಾಡಿದ ಬುದ್ಧಿಯೇ ಇಲ್ಲಿ ಕಾರಣ ಹುಡುಕಿ ನಂಬಿತು.

ಹಾಗೆಂದು ಈ ಪುಸ್ತಕಕ್ಕೆ ಪೂರ್ತಿ ಅಂಕ ಕೊಡುವಂತಿಲ್ಲ. ಸ್ವಂತ ಮತದವರ ಬೂಟಾಟಿಕೆಯನ್ನು ಕಂಡಷ್ಟು ಹತ್ತಿರದಿಂದ ಟ್ವೇನ್ ಅರಬರನ್ನಾಗಲಿ ತುರ್ಕರನ್ನಾಗಲಿ ನೋಡಲಿಲ್ಲ. ಹಳ್ಳಿಗರ ಬಡತನ, ಕೊಳಕು, ಬಕ್ಷೀಸಿಗಾಗಿ ಚಾಚಿದ ಕೈ ಇಷ್ಟೇ ಆತನಿಗೆ ಕಂಡದ್ದು. ಕ್ಯಾಥೊಲಿಕ್ ಚರ್ಚುಗಳ ಮೇಲಿನ ನಗೆಯಲ್ಲೂ ಬಾಲ್ಯದಲ್ಲಿ ಹಾನಿಬಲ್ ಊರಿನ ಪ್ರೆಸ್ಬಿಟೇರಿಯನ್ ಪರಿಸರ ಕಲಿಸಿದ ಪಾಠ ಇಣುಕುತ್ತದೆ. ಪರರ ದೇವರ ಮುಂದೆ ನಿಂತಾಗ ಹಾಸ್ಯಗಾರನ ಕಣ್ಣಿಗೂ ಪೊರೆ ಬರುತ್ತದೆ.

ಆ ಪೊರೆ ಸ್ವಲ್ಪ ಹರಿಯಲು ದಿವಾಳಿ ಏಳಬೇಕಾಯಿತು. ಅಕ್ಷರ ಜೋಡಿಸುವ ಯಂತ್ರವೊಂದಕ್ಕೆ ಹಣ ಸುರಿದು, 1894ರಲ್ಲಿ ತನ್ನ ಪ್ರಕಾಶನ ಸಂಸ್ಥೆಯೂ ಮುಳುಗಿದ ಮೇಲೆ, ಸಾಲ ತೀರಿಸಲು ಟ್ವೇನ್ ಲೋಕಪರ್ಯಟನೆಯ ಉಪನ್ಯಾಸಕ್ಕೆ ಹೊರಟ. ಆ ಪ್ರವಾಸದ ಕಥನವೇ 'ಫಾಲೋಯಿಂಗ್ ದಿ ಈಕ್ವೇಟರ್'. ಹೆಂಡತಿ ಒಲಿವಿಯಾ, ಮಗಳು ಕ್ಲಾರಾ ಜೊತೆಗಿದ್ದರು. 1896ರ ಜನವರಿಯಲ್ಲಿ ಮುಂಬೈಗೆ ಬಂದಿಳಿದಾಗ ಆತನಿಗೆ 60 ವರ್ಷ, ಎದೆಯಲ್ಲಿ ಕಫ, ತಲೆಯ ಮೇಲೆ ಸಾಲ.

ವಾಟ್ಸನ್ ಹೋಟೆಲಿನಲ್ಲಿ ವಾಸ. ಹೋಟೆಲಿನ ಬಾಲ್ಕನಿಗೆ ಬಂದು ಕೂತು ತನ್ನನ್ನು ಅಡಿಯಿಂದ ಮುಡಿಯವರೆಗೆ ವಿಮರ್ಶೆ ಮಾಡುವ ಕಾಗೆಗಳ ಬಗ್ಗೆ ಆತ ಬರೆದ ಪುಟಗಳು ಕಾಗೆಯನ್ನು ದಿನಾ ನೋಡುವವರನ್ನೂ ನಗಿಸುತ್ತವೆ. ಒಂದು ದಿನ ಆಳು ಓಡಿಬಂದು, ದೇವರು ನಿಮ್ಮನ್ನು ನೋಡಲು ಬಂದಿದ್ದಾರೆ ಎಂದ. ಬಂದವರು ಖೋಜಾ ಮುಸ್ಲಿಮರ ಗುರು, ಆಗಿನ್ನೂ 18 ವರ್ಷದ ಆಗಾ ಖಾನ್. ಅನುಯಾಯಿಗಳು ಅವರನ್ನು ದೈವಾಂಶವೆಂದು ಕಾಣುತ್ತಿದ್ದರು. ಆ ತರುಣ ಬಂದದ್ದು ಹಕ್ಲ್‌ಬೆರಿ ಫಿನ್ ಎಂಬ ಪೋಲಿ ಹುಡುಗನ ತತ್ತ್ವಜ್ಞಾನವನ್ನು ಮೆಚ್ಚಿಕೊಂಡು ನಾಲ್ಕು ಮಾತಾಡುವುದಕ್ಕೆ. ದೇವರೊಬ್ಬರು ತನ್ನ ಓದುಗರಾಗಿ ಮನೆಬಾಗಿಲಿಗೆ ಬಂದದ್ದನ್ನು ಟ್ವೇನ್ ಎಷ್ಟು ಸಂಭ್ರಮದಿಂದ ಬರೆದಿದ್ದಾನೆಂದರೆ, ಅದರಲ್ಲಿ ಗೇಲಿ ಎಷ್ಟು, ಹೆಮ್ಮೆ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಅದೇ ಹೋಟೆಲಿನಲ್ಲಿ ನಗೆ ನಿಂತುಹೋದ ಗಳಿಗೆಯೂ ಬಂತು. ಕೋಣೆಯ ವ್ಯವಸ್ಥೆ ನೋಡಲು ಬಂದಿದ್ದ ದಡೂತಿ ಜರ್ಮನನೊಬ್ಬ, ಬಾಗಿಲು ಸರಿಪಡಿಸುತ್ತಿದ್ದ ಸ್ಥಳೀಯ ಕೆಲಸದವನ ಕೆಲಸ ಸರಿಬರಲಿಲ್ಲವೆಂದು ಏನೂ ಹೇಳದೆ ಅವನ ದವಡೆಗೆ ಒಂದು ಬಿಟ್ಟ. ಆ ಮನುಷ್ಯ ತುಟಿ ಪಿಟಕ್ಕೆನ್ನಲಿಲ್ಲ, ಮುಖದಲ್ಲಿ ಸಿಟ್ಟನ್ನೂ ತೋರಿಸಲಿಲ್ಲ. ಟ್ವೇನ್‌ಗೆ ಐವತ್ತು ವರ್ಷ ಹಿಂದಿನ ಮಿಸೌರಿ ಕಣ್ಣಿಗೆ ಕಟ್ಟಿತು. ಗುಲಾಮರಿಗೆ ಹೀಗೆ ಹೊಡೆಯುವುದೇ ಸಹಜವೆಂದು ನಂಬಿದ್ದ ಊರು. ಯಾರಿಗೂ ಕೇಡು ಬಗೆಯದ ತನ್ನ ತಂದೆಯೂ ಮನೆಯ ಗುಲಾಮ ಹುಡುಗನಿಗೆ ಹೊಡೆಯುತ್ತಿದ್ದುದು. ಕ್ಷುಲ್ಲಕ ತಪ್ಪಿಗೆ ಯಾರೋ ಕಬ್ಬಿಣದ ಅದಿರಿನ ಗಡ್ಡೆ ಎಸೆದು ಗುಲಾಮನೊಬ್ಬನನ್ನು ಕೊಂದದ್ದನ್ನು ತಾನು ಕಂಡದ್ದು. ಬೇರೆಯವರ ದೇಶ ನೋಡಲು ಬಂದವನು ತನ್ನ ಊರನ್ನು ನೋಡಿ ತಲೆತಗ್ಗಿಸಿದ. ಪ್ಯಾಲೆಸ್ಟೈನಿನ ಹಳ್ಳಿಗರನ್ನು ಕಂಡಾಗ ಇಲ್ಲದಿದ್ದ ಕಣ್ಣು ಇದು.

ಆಮೇಲೆ ಕಾಶಿ. ಅಲ್ಲಿ ಆತ ಯಾತ್ರಿಕರ ಅನುಕೂಲಕ್ಕೆಂದು ಒಂದು ಪಟ್ಟಿ ತಯಾರಿಸಿದ್ದಾನೆ. ಬೆಳಿಗ್ಗೆ ಎದ್ದು ಗಂಗಾಸ್ನಾನ. ಹಸಿವೆಯ ಕಾಟಕ್ಕೆ ಇಂಥ ಗುಡಿ, ಜ್ವರಕ್ಕೆ ಇಂಥ ಗುಡಿ, ಸಿಡುಬಿಗೆ ಶೀತಲೆ, ಆಯುಸ್ಸು ಉಳಿದಿದೆಯೇ ಎಂದು ನೋಡಲು ಇಂಥ ಬಾವಿ, ಮುಪ್ಪು ಹೋಗಿ ಪ್ರಾಯ ಬರಲು ಇನ್ನೊಂದು ಬಾವಿ, ಜ್ಞಾನಕ್ಕೆ ಮತ್ತೊಂದು. ಹೀಗೆ ಅಂಗಡಿ ಬೀದಿಯಲ್ಲಿ ಸಾಮಾನು ಹೊಂದಿಸಿದ ಹಾಗೆ ಇಹಪರಗಳೆರಡನ್ನೂ ಹೊಂದಿಸಿಕೊಂಡ ಯಾತ್ರಿಕ ಕಟ್ಟಕಡೆಗೆ ಎಡವಟ್ಟು ಮಾಡಿಕೊಂಡು ಗಂಗೆಯ ಆಚೆ ದಡದಲ್ಲಿ ಸತ್ತರೆ ಮುಂದಿನ ಜನ್ಮ ಕತ್ತೆಯದು. ಮಾಹಿತಿಗಾಗಿ ಟ್ವೇನ್ ನೆಚ್ಚಿಕೊಂಡದ್ದು ಪಾರ್ಕರ್ ಎಂಬ ಪಾದ್ರಿಯ ಕೈಪಿಡಿಯನ್ನು. ಹಾಗಾಗಿ ಗುಡಿಗಳ ಹೊರಗೋಡೆ ಸಿಕ್ಕಿತು, ಒಳಗೆ ಕೈಮುಗಿದು ನಿಂತವನ ಮನಸ್ಸು ಸಿಗಲಿಲ್ಲ. ಕತ್ತೆಯ ಜನ್ಮವೇ ಹಿಂದೂವಿಗೆ ಲಾಭ, ಪುರೋಹಿತರ ಕಾಟವಾದರೂ ತಪ್ಪೀತು ಎಂಬ ಧಾಟಿಯಲ್ಲಿ ಎಳೆಯುವಾಗ ಹಾಸ್ಯ ಚುಚ್ಚುವುದಕ್ಕೇ ಬಂದಂತಿದೆ.

ಕಾಶಿಯ ಸುತ್ತ ನಗುವುದು ಕನ್ನಡಿಗರಿಗೆ ಹೊಸದೇನಲ್ಲ. ನಮ್ಮ ಮದುವೆಗಳಲ್ಲಿ ವರ ಕೊಡೆ ಹಿಡಿದು, ಕೋಲು ಊರಿ, ಪುಸ್ತಕ ಬಗಲಲ್ಲಿಟ್ಟು ಸಂಸಾರವೇ ಬೇಡವೆಂದು ಕಾಶಿಗೆ ಹೊರಡುತ್ತಾನೆ. ಹೆಣ್ಣಿನ ಕಡೆಯವರು ಬೆಲ್ಲ ತೆಂಗಿನಕಾಯಿ ಹಿಡಿದು ತಡೆಯುತ್ತಾರೆ. ತಡೆಯದಿದ್ದರೆ ಏನು ಮಾಡುತ್ತೀ ಎಂದು ಗೆಳೆಯರು ಕಾಲೆಳೆಯುತ್ತಾರೆ, ಪುರೋಹಿತರೂ ಮೀಸೆಯಡಿ ನಗುತ್ತಾರೆ. ವೈರಾಗ್ಯವನ್ನೇ ವಿನೋದ ಮಾಡಿದ ಈ ಶಾಸ್ತ್ರದಿಂದ ಕಾಶಿಯ ಮಹಿಮೆ ಕಿಂಚಿತ್ತೂ ಕುಂದಿಲ್ಲ. ಬೈಯುತ್ತಲೇ ಹೊಗಳುವ ನಿಂದಾಸ್ತುತಿಯೂ ದಾಸರಲ್ಲಿ ಬೇಕಾದಷ್ಟಿದೆ. ಅಂದಮೇಲೆ ಟ್ವೇನ್ ಪಟ್ಟಿಯ ದೋಷ ನಗುವಿನಲ್ಲಿಲ್ಲ. ಮನೆಯವರು ನಗುವಾಗ ತಾವೂ ನಗೆಗೆ ಪಾಲುದಾರರು. ಹೊರಗಿನವನು ಕೈಪಿಡಿ ನೋಡಿ ನಕ್ಕರೆ ಆ ಪಾಲು ಇರುವುದಿಲ್ಲ. ಆ ಕೊರತೆ ತುಂಬಿಕೊಡಲು ಟ್ವೇನ್ ಏನು ಮಾಡಿದ ಎಂಬುದರ ಮೇಲೆ ತೀರ್ಪು ನಿಲ್ಲುತ್ತದೆ.

ಎರಡು ಕೆಲಸ ಮಾಡಿದ. ಮೊದಲನೆಯದು, ತನ್ನ ನಗೆಯನ್ನೇ ಪರೀಕ್ಷೆಗೆ ಒಡ್ಡಿದ. ಗಂಗೆಯಲ್ಲಿ ತೇಲುವ ಹೆಣ, ಪಕ್ಕದಲ್ಲೇ ಚರಂಡಿ, ಅಲ್ಲೇ ಬೊಗಸೆಯಲ್ಲಿ ನೀರು ಮೊಗೆದು ಕುಡಿಯುವ ಜನ. ಇದನ್ನು ಕಂಡು ಹೇಸಿ ಬರೆದವನು ಮುಂದೆ ಆಗ್ರಾದಲ್ಲಿ ಸರ್ಕಾರಿ ವಿಜ್ಞಾನಿ ಹ್ಯಾಂಕಿನ್ ನಡೆಸಿದ್ದ ಪ್ರಯೋಗದ ಸಂಗತಿ ತಿಳಿದು ಅದನ್ನೂ ಬರೆದ. ಕಾಶಿಯ ಚರಂಡಿ ಬಾಯಿಂದ ತಂದ ನೀರಿನಲ್ಲಿದ್ದ ಕಾಲರಾ ರೋಗಾಣುಗಳು ಆರು ತಾಸಿನಲ್ಲಿ ಸತ್ತುಹೋಗಿದ್ದವು. ಶುದ್ಧವೆನಿಸಿದ ಬಾವಿ ನೀರಿನಲ್ಲಿ ಅವೇ ರೋಗಾಣುಗಳು ಬೆಳೆದು ಲಕ್ಷಗಟ್ಟಲೆಯಾದವು. ತಲೆತಲಾಂತರದಿಂದ ಹಿಂದೂಗಳನ್ನು ನೋಡಿ ನಕ್ಕವರು ಇನ್ನು ಮುಂದೆ ಸ್ವಲ್ಪ ನೋಡಿಕೊಂಡು ನಗಬೇಕಾದೀತು ಎಂಬುದು ಟ್ವೇನ್ ತೆಗೆದ ಸಾರಾಂಶ. ಹ್ಯಾಂಕಿನ್ ತನ್ನ ಪ್ರಯೋಗವನ್ನು 1896ರಲ್ಲೇ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ. ಇದಕ್ಕೆ ಕಾರಣವಿರಬಹುದೆಂದು ಮುಂದೆ ಊಹಿಸಲಾದ, ಬ್ಯಾಕ್ಟೀರಿಯಾಗಳನ್ನೇ ತಿನ್ನುವ ವೈರಸ್‌ಗಳಿಗೆ ಫೆಲಿಕ್ಸ್ ದೆರೆಲ್ ಬ್ಯಾಕ್ಟೀರಿಯೋಫೇಜ್ ಎಂದು ಹೆಸರಿಟ್ಟದ್ದು 1917ರಲ್ಲಿ. ಇಂದಿನ ಗಂಗೆಯ ಮಾಲಿನ್ಯಕ್ಕೆ ಈ ಹಳೆಯ ಪ್ರಯೋಗ ರಕ್ಷಾಪತ್ರವಾಗದು. ಇಲ್ಲಿ ಗಮನಿಸಬೇಕಾದದ್ದು ಬೇರೆ: ಶಿಲುಬೆಯ ತುಣುಕಿನ ಜೋಕಿಗೆ ಲೆಕ್ಕ ಕೊಡಲು ಮೂರು ಶತಮಾನ ಯಾರಿಗೂ ಮನಸ್ಸಾಗಿರಲಿಲ್ಲ, ಗಂಗೆಯ ಜೋಕಿಗೆ ಟ್ವೇನ್ ಅದೇ ಪುಸ್ತಕದಲ್ಲಿ ತಾನೇ ತಿದ್ದುಪಡಿ ಹಾಕಿದ.

ಎರಡನೆಯದು, ದುರ್ಗಾಕುಂಡದ ಬಳಿಯ ಆನಂದಬಾಗಿನಲ್ಲಿದ್ದ ಸ್ವಾಮಿ ಭಾಸ್ಕರಾನಂದ ಸರಸ್ವತಿಯವರ ಭೇಟಿ. ಮೈಮೇಲೆ ಬಟ್ಟೆಯೆಂಬುದೇ ಹೆಚ್ಚುಕಡಿಮೆ ಇಲ್ಲದ ಈ ಸನ್ಯಾಸಿಯನ್ನು ಜನ ಬದುಕಿರುವಾಗಲೇ ದೇವರೆಂದು ಪೂಜಿಸುತ್ತಿದ್ದರು. ಸ್ವಾಮಿಗಳು ಹಿಂದೂ ಧರ್ಮಗ್ರಂಥದ ಮೇಲಿನ ವ್ಯಾಖ್ಯಾನದ ಪ್ರತಿಯೊಂದನ್ನು ಕೊಟ್ಟರು, ಟ್ವೇನ್ 'ಹಕ್ಲ್‌ಬೆರಿ ಫಿನ್' ಕೊಟ್ಟ. ಬ್ರಹ್ಮಚಿಂತನೆಯ ನಡುವೆ ಇದೂ ಒಂದಿಷ್ಟು ಇದ್ದರೆ ಸ್ವಾಮಿಗಳಿಗೆ ದಣಿವಾರೀತು, ಉಪಕಾರವಾಗದಿದ್ದರೂ ಅಪಾಯವಂತೂ ಇಲ್ಲ ಎಂದು ತಮಾಷೆ ಮಾಡಿದ. ಸ್ವಾಮಿಗಳ ಶಿಷ್ಯ ಮೀನಾ ಬಹಾದ್ದೂರ್ ರಾಣಾನನ್ನು ಕಾಣಲಾಗದಿದ್ದರೂ ಅವನ ಬಗ್ಗೆ ಬರೆದ. ಓದು, ಅಧಿಕಾರ, ಸಂಪತ್ತು ಎಲ್ಲವೂ ಕೈಯಲ್ಲಿದ್ದಾಗ ಬಿಟ್ಟುಬಂದು ಗುಡಿಸಲಲ್ಲಿ ಕೂತು ಶಾಸ್ತ್ರ ಓದುವ ಮನುಷ್ಯ. ಇದೇ ತ್ಯಾಗವನ್ನು ಕ್ರೈಸ್ತನೊಬ್ಬ ಮಾಡಿದರೆ ನಾವು ಸಂತನೆನ್ನುತ್ತೇವೆ, ಈತ ಮಾಡಿದರೆ ಮರುಳನೆನ್ನುತ್ತೇವಲ್ಲ ಎಂಬ ಕಸಿವಿಸಿ ಆ ಪುಟಗಳಲ್ಲಿದೆ. ಕೊನೆಗೆ ಟ್ವೇನ್ ತಲುಪಿದ ನಿಲುವು ಸ್ಪಷ್ಟ. ತನ್ನ ದೇವರು, ತನ್ನ ತಂದೆತಾಯಿ, ತನ್ನ ಧ್ವಜಕ್ಕೆ ಗೌರವ ಕೊಡುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ, ಅದು ಉಸಿರಾಟದಷ್ಟು ಸಲೀಸು. ತಾನು ನಂಬದ ದೇವರನ್ನು ನಂಬಿದವನ ನಂಬಿಕೆಗೆ, ಯಾರ ಬಲವಂತವೂ ಇಲ್ಲದೆ ಮರ್ಯಾದೆ ಕೊಡುವುದೇ ಕಷ್ಟದ ಕೆಲಸ. ಅದು ಹೆಚ್ಚುಕಡಿಮೆ ಅಸಾಧ್ಯ, ಹಾಗಾಗಿ ನಾವು ಪ್ರಯತ್ನ ಮಾಡುವುದೇ ಅಪರೂಪ ಎಂದು ಆತ ಒಪ್ಪಿಕೊಂಡ.

ಈ ಮಾತು ಬರೆದ ಕಾಲವನ್ನು ಗಮನಿಸಬೇಕು. ಪ್ರವಾಸ ಮುಗಿಸಿ ಇಂಗ್ಲೆಂಡಿನಲ್ಲಿದ್ದಾಗ, 1896ರ ಆಗಸ್ಟ್ 18ರಂದು, ಊರಲ್ಲಿ ಬಿಟ್ಟುಬಂದಿದ್ದ ಹಿರಿಯ ಮಗಳು ಸೂಸಿ 24ನೆಯ ವಯಸ್ಸಿಗೆ ಮೆನಿಂಜೈಟಿಸ್‌ನಿಂದ ತೀರಿಕೊಂಡಳು. 1897ರಲ್ಲಿ ಹೊರಬಂದ 'ಫಾಲೋಯಿಂಗ್ ದಿ ಈಕ್ವೇಟರ್' ಪುಸ್ತಕದ ಕಾಗೆ, ಕತ್ತೆ, ಸ್ವಾಮೀಜಿಗಳ ಪುಟ ಸಿದ್ಧವಾದದ್ದು ಲಂಡನ್ನಿನ ಸೂತಕದ ಮನೆಯಲ್ಲಿ. ಮುಂದೆ ಟ್ವೇನ್‌ಗೆ ದೇವರ ಮೇಲಿನ ಸಿಟ್ಟು ಬೆಳೆಯುತ್ತಲೇ ಹೋಯಿತು. 1909ರಲ್ಲಿ ಬರೆದ 'ಲೆಟರ್ಸ್ ಫ್ರಮ್ ದಿ ಅರ್ಥ್' 1962ರವರೆಗೆ ಅಚ್ಚಾಗಲಿಲ್ಲ. ಹೀಗಿದ್ದೂ ಆತನ ಜೀವದ ಗೆಳೆಯ ಒಬ್ಬ ಪಾದ್ರಿ, ಹಾರ್ಟ್‌ಫರ್ಡ್‌ನ ಜೋಸೆಫ್ ಟ್ವಿಚೆಲ್. 1870ರಲ್ಲಿ ಮದುವೆ ಮಾಡಿಸಿದ ಇಬ್ಬರಲ್ಲಿ ಒಬ್ಬರು ಅವರು. 1910ರಲ್ಲಿ ಟ್ವೇನ್ ಅಂತ್ಯಕ್ರಿಯೆಯಲ್ಲಿ ಪ್ರಾರ್ಥನೆಗೆ ನಿಂತವರೂ ಅವರೇ. ನಂಬುವವನೂ ನಂಬದವನೂ ನಲವತ್ತು ವರ್ಷ ಒಟ್ಟಿಗೆ ನಡೆದಾಡಿ, ವಾದ ಮಾಡಿ, ನಕ್ಕರು.

ಕನ್ನಡದಲ್ಲೂ ಇಂಥ ನಡಿಗೆ ಉಂಟು. 'ಅಮೆರಿಕಾದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೇಮಾವತಿ ತೀರದ ಕಣ್ಣಿನಿಂದ ಅಮೆರಿಕವನ್ನು ನೋಡಿದ ಗೊರೂರರು ಅಲ್ಲಿಯವರ ಜೊತೆ ತಮ್ಮನ್ನೂ ನಗೆಯ ತಕ್ಕಡಿಯಲ್ಲಿ ಕೂರಿಸಿದರು. 'ಅಪರವಯಸ್ಕನ ಅಮೆರಿಕಾ ಯಾತ್ರೆ' ಬರೆದ ಎ.ಎನ್. ಮೂರ್ತಿರಾಯರು ಇಳಿವಯಸ್ಸಿನಲ್ಲಿ 'ದೇವರು' ಎಂಬ ಪುಸ್ತಕ ಬರೆದು, ತಮಗೇಕೆ ದೇವರಲ್ಲಿ ನಂಬಿಕೆ ಬರಲಿಲ್ಲವೆಂದು ಸೌಮ್ಯವಾಗಿ ವಿವರಿಸಿದರು. ಆಸ್ತಿಕರೂ ಅದನ್ನು ಕೊಂಡು ಓದಿದರು.

ಹಾಗಾದರೆ ತೀರ್ಪು? ಪ್ಯಾಲೆಸ್ಟೈನಿನಲ್ಲಿ ತನ್ನವರ ಎರವಲು ಕಣ್ಣೀರನ್ನೂ ಕುದುರೆಗಳ ಮೇಲಿನ ನಿರ್ದಯೆಯನ್ನೂ ನಗೆಗೀಡು ಮಾಡಿದ ಟ್ವೇನ್ ಧರ್ಮಕ್ಕೆ ಉಪಕಾರವನ್ನೇ ಮಾಡಿದ. ಅರಬರ ಮೇಲೆ, ಕಾಶಿಯ ಭಕ್ತರ ಮೇಲೆ ಆತ ಎಸೆದ ಕೆಲವು ಮಾತು ಇಂದು ಓದಿದರೂ ಒರಟು, ಅದಕ್ಕೆ ರಿಯಾಯಿತಿ ಬೇಡ. ಆದರೆ ನಕ್ಕ ಮೇಲೆ ಲೆಕ್ಕ ನೋಡುವ, ಹೊಡೆತ ತಿಂದವನನ್ನು ಕಂಡರೆ ನಗೆ ನಿಲ್ಲಿಸುವ ಅಭ್ಯಾಸ ಆತನಿಗೆ ಬಂದಿತ್ತು. ಆ ಕಾಲದ ಪಾಶ್ಚಾತ್ಯ ಪ್ರವಾಸಿಗರಲ್ಲಿ ಇದು ಅಪರೂಪ. ಓದಬೇಕೆನ್ನುವವರು ಮೊದಲು ಗಲಿಲಿ, ದಮಾಸ್ಕಸ್ಸಿನ ಅಧ್ಯಾಯಗಳನ್ನು ಓದಿ, ಆಮೇಲೆ ಮುಂಬೈ, ಕಾಶಿಯ ಅಧ್ಯಾಯಗಳಿಗೆ ಬರುವುದು ಒಳ್ಳೆಯದು. ಎರಡು ಪುಸ್ತಕಗಳೂ ಹಕ್ಕುಸ್ವಾಮ್ಯದ ಹಂಗಿಲ್ಲದೆ ಉಚಿತವಾಗಿ ಸಿಗುತ್ತವೆ.